ಪ್ಯಾರಿಸ್ ನಗರದ ಬೇಸಿಗೆ

ಫ್ರಾನ್ಸ್ ದೇಶದ ರಾಜಧಾನಿಯಾದ ಪ್ಯಾರಿಸ್‌ನಲ್ಲಿ ಜೂನ್, ಜುಲೈ ಮತ್ತು ಆಗಸ್ಟ್ ತಿಂಗಳುಗಳು ಬೇಸಿಗೆಯ ಕಾಲ. ಕರ್ನಾಟಕದಲ್ಲಿ ಮುಂಗಾರು ಕಾಲಿಡುವ ಹೊತ್ತಿಗೆ ಅಲ್ಲಿ ಬಿಸಿಲುಗಾಲ ಆರಂಭವಾಗುತ್ತದೆ. ರಾತ್ರಿ ಹತ್ತು ಗಂಟೆಯ ಸುಮಾರಿನವರೆಗೂ ಉಳಿಯುವ ಬೆಳಕು, ಬೀದಿ ಸಂಗೀತ, ಸೇನ್ ನದೀತೀರದ ವಿಹಾರ ಇವು ಈ ಋತುವಿನ ಆಕರ್ಷಣೆಗಳು. ನಗರವಾಸಿಗಳಲ್ಲಿ ಅನೇಕರು ಇದೇ ಕಾಲದಲ್ಲಿ ಊರು ಬಿಟ್ಟು ರಜೆಗೆ ತೆರಳುತ್ತಾರೆ. ಹೋಗಲಾರದೆ ಉಳಿದವರಿಗೆ ನಗರವು ಏನನ್ನು ಒದಗಿಸಬೇಕು ಎಂಬ ಪ್ರಶ್ನೆ ಕಳೆದ ಎರಡು ದಶಕಗಳಿಂದ ಅಲ್ಲಿನ ಆಡಳಿತದ ಮುಂದಿದೆ.

ಹಗಲು ಮತ್ತು ಹವೆ

ಪ್ಯಾರಿಸ್ ಉತ್ತರ ಅಕ್ಷಾಂಶ 48 ಡಿಗ್ರಿಗಿಂತ ತುಸು ಮೇಲಿದೆ. ಆದ್ದರಿಂದ ಜೂನ್ 21ರ ಆಸುಪಾಸಿನಲ್ಲಿ ಹಗಲಿನ ಅವಧಿ 16 ಗಂಟೆಗಳನ್ನು ಮೀರುತ್ತದೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯೂ ಇರುವುದರಿಂದ ಸೂರ್ಯಾಸ್ತವಾಗುವಾಗ ರಾತ್ರಿ ಹತ್ತು ಸಮೀಪಿಸಿರುತ್ತದೆ. ಕಚೇರಿ ಮುಗಿಸಿ ಹೊರಬಂದವರಿಗೆ ಇನ್ನೂ ನಾಲ್ಕು ಗಂಟೆಗಳ ಬೆಳಕು ಉಳಿದಿರುತ್ತದೆ. ಜುಲೈ ತಿಂಗಳಿನ ಸರಾಸರಿ ಗರಿಷ್ಠ ಉಷ್ಣಾಂಶ ಸುಮಾರು 25 ಡಿಗ್ರಿ ಸೆಲ್ಸಿಯಸ್. ನಮ್ಮ ಓದುಗರಿಗೆ ಇದು ಬೇಸಿಗೆಯೆಂದೇ ತೋರದು.

ಆದರೆ ಸರಾಸರಿಯೊಂದನ್ನೇ ನೋಡಿದರೆ ಚಿತ್ರ ಪೂರ್ಣವಾಗುವುದಿಲ್ಲ. 1947ರಲ್ಲಿ ದಾಖಲಾಗಿದ್ದ 40.4 ಡಿಗ್ರಿಯ ದಾಖಲೆಯನ್ನು ಮುರಿದು, 2019ರ ಜುಲೈ 25ರಂದು ಪ್ಯಾರಿಸ್‌ನ ಉಷ್ಣಾಂಶ 42.6 ಡಿಗ್ರಿಗೆ ಏರಿತು. ನಗರದ ಬಹುಪಾಲು ಕಟ್ಟಡಗಳಿಗೆ ಸತುವಿನ ತಗಡಿನ ಚಾವಣಿಯಿದೆ. ದೂರದಿಂದ ನೋಡುವವರಿಗೆ ಈ ಬೂದು ಬಣ್ಣದ ಚಾವಣಿಗಳ ಸಾಲು ಬಹು ಸುಂದರ. ಈ ಚಾವಣಿ ಹೊದಿಸುವ ಕುಶಲಕರ್ಮಿಗಳ ವಿದ್ಯೆಯನ್ನು 2024ರಲ್ಲಿ ಯುನೆಸ್ಕೊ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಕೆಳಗೆ ವಾಸಿಸುವವರ ಅನುಭವ ಮಾತ್ರ ಬೇರೆ. ಹಿಂದೆ ಮನೆಗೆಲಸದವರಿಗೆಂದು ಕಟ್ಟಿದ ಮೇಲಂತಸ್ತಿನ ಪುಟ್ಟ ಕೋಣೆಗಳಲ್ಲಿ ಇಂದು ವಿದ್ಯಾರ್ಥಿಗಳೂ ಅಲ್ಪಾದಾಯದವರೂ ವಾಸವಾಗಿದ್ದಾರೆ. ಕಾದ ತಗಡಿನಡಿಯಲ್ಲಿ ಈ ಕೋಣೆಗಳು ರಾತ್ರಿಯೂ ತಣಿಯುವುದಿಲ್ಲ. ಹವಾನಿಯಂತ್ರಕವುಳ್ಳ ಮನೆಗಳೂ ಕಡಿಮೆ.

ಬೇಸಿಗೆಯ ಉತ್ಸವಗಳು

ಜೂನ್ 21ರಂದು ನಡೆಯುವ ಸಂಗೀತೋತ್ಸವವನ್ನು 1982ರಲ್ಲಿ ಸಂಸ್ಕೃತಿ ಸಚಿವ ಜ್ಯಾಕ್ ಲಾಂಗ್ ಅವರ ಕಾಲದಲ್ಲಿ ಆರಂಭಿಸಲಾಯಿತು. ಅಂದು ವೃತ್ತಿನಿರತ ಸಂಗೀತಗಾರರೊಡನೆ ಹವ್ಯಾಸಿಗಳೂ ಬೀದಿಬೀದಿಗಳಲ್ಲಿ ನುಡಿಸುತ್ತಾರೆ. ಕೇಳುವವರಿಗೆ ಶುಲ್ಕವಿಲ್ಲ.

ಜುಲೈ 14 ರಾಷ್ಟ್ರೀಯ ದಿನ. ಬೆಳಿಗ್ಗೆ ಶಾಂಜೆಲಿಜೆ ಮಹಾಮಾರ್ಗದಲ್ಲಿ ಸೇನಾ ಪಥಸಂಚಲನ, ರಾತ್ರಿ ಐಫೆಲ್ ಗೋಪುರದ ಬಳಿ ಬಾಣಬಿರುಸು. 13 ಮತ್ತು 14ರ ರಾತ್ರಿಗಳಲ್ಲಿ ಅಗ್ನಿಶಾಮಕ ಠಾಣೆಗಳ ಅಂಗಳಗಳಲ್ಲಿ ಸಾರ್ವಜನಿಕರಿಗಾಗಿ ನೃತ್ಯಕೂಟಗಳು ನಡೆಯುತ್ತವೆ. 2009ರ ಪಥಸಂಚಲನಕ್ಕೆ ಭಾರತದ ಪ್ರಧಾನಿ ಮನಮೋಹನ್ ಸಿಂಗ್ ಗೌರವ ಅತಿಥಿಯಾಗಿದ್ದರು. ಅಂದು ಹೆಜ್ಜೆ ಹಾಕಿದ ಭಾರತೀಯ ತುಕಡಿಗಳಲ್ಲಿ, ಬೆಳಗಾವಿಯಲ್ಲಿ ಕೇಂದ್ರವನ್ನು ಹೊಂದಿರುವ ಮರಾಠಾ ಲಘು ಪದಾತಿದಳವೂ ಇತ್ತು. 2023ರಲ್ಲಿ ನರೇಂದ್ರ ಮೋದಿಯವರು ಇದೇ ಸಮಾರಂಭದ ಗೌರವ ಅತಿಥಿಯಾಗಿದ್ದರು.

ಬೇಸಿಗೆಯ ಕೊನೆಗೆ, ಆಗಸ್ಟ್ ಅಂತ್ಯ ಅಥವಾ ಸೆಪ್ಟೆಂಬರ್ ಮೊದಲಲ್ಲಿ, ಲಾ ಶಾಪೆಲ್ ಬಡಾವಣೆಯ ಮಾಣಿಕ್ಯ ವಿನಾಯಕರ ದೇವಾಲಯದಿಂದ ಗಣೇಶನ ರಥೋತ್ಸವ ಹೊರಡುತ್ತದೆ. ಮುಖ್ಯವಾಗಿ ಶ್ರೀಲಂಕಾ ಮೂಲದ ತಮಿಳರು ನಡೆಸುವ ಈ ಉತ್ಸವದಲ್ಲಿ ಬೀದಿಯಲ್ಲಿ ರಾಶಿ ಹಾಕಿದ ತೆಂಗಿನಕಾಯಿಗಳನ್ನು ಒಡೆಯುವುದನ್ನು ನೋಡಲು ಪ್ಯಾರಿಸ್‌ನ ಇತರ ನಿವಾಸಿಗಳೂ ನೆರೆಯುತ್ತಾರೆ.

ಬಾಯಾರಿದವರಿಗೆ ನಗರದಲ್ಲಿ ಹಳೆಯ ವ್ಯವಸ್ಥೆಯೊಂದಿದೆ. 1872ರಲ್ಲಿ ರಿಚರ್ಡ್ ವಾಲೆಸ್ ಎಂಬ ಆಂಗ್ಲ ದಾನಿ ಸ್ವಂತ ಖರ್ಚಿನಲ್ಲಿ ಕುಡಿಯುವ ನೀರಿನ ಚಿಲುಮೆಗಳನ್ನು ಸ್ಥಾಪಿಸಿದನು. ನಮ್ಮ ಅರವಟ್ಟಿಗೆಗಳನ್ನು ನೆನಪಿಸುವ, ನಾಲ್ವರು ಸ್ತ್ರೀಯರ ಮೂರ್ತಿಗಳು ಗುಮ್ಮಟವನ್ನು ಹೊತ್ತಿರುವ ಈ ಹಸಿರು ಬಣ್ಣದ ಎರಕದ ಚಿಲುಮೆಗಳು ಇಂದಿಗೂ ನೀರು ಕೊಡುತ್ತಿವೆ.

ಆಗಸ್ಟ್ ರಜೆ

ಆಗಸ್ಟ್‌ನಲ್ಲಿ ಪ್ಯಾರಿಸ್ ಬರಿದಾಗುವುದಕ್ಕೆ ಕಾನೂನಿನ ಹಿನ್ನೆಲೆಯಿದೆ. 1936ರ ಜೂನ್‌ನಲ್ಲಿ ಲಿಯೋನ್ ಬ್ಲೂಮ್ ಅವರ ಪಾಪ್ಯುಲರ್ ಫ್ರಂಟ್ ಸರ್ಕಾರವು ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಹಕ್ಕಾಗಿ ನೀಡಿತು. ಅದುವರೆಗೆ ಸಮುದ್ರವನ್ನೇ ಕಾಣದಿದ್ದ ಕುಟುಂಬಗಳು ರೈಲು ಹತ್ತಿದವು. ಈ ಅವಧಿ 1956ರಲ್ಲಿ ಮೂರು, 1969ರಲ್ಲಿ ನಾಲ್ಕು, 1982ರಲ್ಲಿ ಐದು ವಾರಗಳಾಯಿತು. ಜುಲೈನಲ್ಲಿ ರಜೆ ಹಾಕುವವರಿಗೂ ಆಗಸ್ಟ್‌ನಲ್ಲಿ ಹಾಕುವವರಿಗೂ ಫ್ರೆಂಚ್ ಭಾಷೆಯಲ್ಲಿ ಪ್ರತ್ಯೇಕ ಹೆಸರುಗಳೇ ಇವೆ. ಅನೇಕ ಅಂಗಡಿಗಳು ಬಾಗಿಲಿಗೆ ಚೀಟಿ ಅಂಟಿಸಿ ಮುಚ್ಚುತ್ತವೆ. ಸೇಂಟ್ ಲೂಯಿ ದ್ವೀಪದ ಪ್ರಸಿದ್ಧ ಐಸ್‌ಕ್ರೀಂ ಅಂಗಡಿ ಬರ್ತಿಯೋಂ ಸಹ ಆಗಸ್ಟ್‌ನಲ್ಲೇ ರಜೆ ಹಾಕುವುದು ಪ್ರವಾಸಿಗರಿಗೆ ಸೋಜಿಗವೆನಿಸುತ್ತದೆ.

2003ರ ಶಾಖದ ಅಲೆ

ಈ ಪದ್ಧತಿಯ ಕರಾಳ ಮುಖ 2003ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ತಿಂಗಳ ಮೊದಲರ್ಧದಲ್ಲಿ ಬೀಸಿದ ಶಾಖದ ಅಲೆಗೆ ಫ್ರಾನ್ಸ್‌ನಲ್ಲಿ ಸುಮಾರು 15,000 ಜನರು ಬಲಿಯಾದರು. ಸತ್ತವರಲ್ಲಿ ಹೆಚ್ಚಿನವರು ವೃದ್ಧರು, ಒಂಟಿಯಾಗಿದ್ದವರು ಅನೇಕರು. ಮಕ್ಕಳು, ನೆರೆಹೊರೆಯವರು, ವೈದ್ಯರಲ್ಲೂ ಎಷ್ಟೋ ಮಂದಿ ರಜೆಯಲ್ಲಿದ್ದರು. ಶವಾಗಾರಗಳು ಸಾಲದೆ ರೂಂಜಿಸ್‌ನ ಸಗಟು ಮಾರುಕಟ್ಟೆಯ ಶೈತ್ಯಾಗಾರವನ್ನು ಬಳಸಬೇಕಾಯಿತು. ಯಾರೂ ಕೇಳಿಕೊಂಡು ಬಾರದ 57 ಶವಗಳನ್ನು ಸೆಪ್ಟೆಂಬರ್ 3ರಂದು ತಿಯೇ ಸ್ಮಶಾನದಲ್ಲಿ ಹೂಳಲಾಯಿತು. ಅಧ್ಯಕ್ಷ ಜ್ಯಾಕ್ ಶಿರಾಕ್ ಅಂತ್ಯಕ್ರಿಯೆಯಲ್ಲಿ ಉಪಸ್ಥಿತರಿದ್ದರು.

ಮರುವರ್ಷ ಫ್ರಾನ್ಸ್ ರಾಷ್ಟ್ರೀಯ ಶಾಖ ಯೋಜನೆಯನ್ನು ಜಾರಿಗೆ ತಂದಿತು. ಒಂಟಿ ವೃದ್ಧರು ಮತ್ತು ಅಶಕ್ತರು ಪಾಲಿಕೆಯಲ್ಲಿ ಹೆಸರು ನೋಂದಾಯಿಸಿಕೊಂಡರೆ, ಬಿಸಿಲು ಹೆಚ್ಚಿದ ದಿನಗಳಲ್ಲಿ ಅವರಿಗೆ ದೂರವಾಣಿ ಕರೆಮಾಡಿ ಯೋಗಕ್ಷೇಮ ವಿಚಾರಿಸಲಾಗುತ್ತದೆ. ಅಂತಹ ರಾತ್ರಿಗಳಲ್ಲಿ ಹಲವು ಉದ್ಯಾನಗಳನ್ನು ತೆರೆದಿಡುತ್ತಾರೆ.

ನದೀತೀರದ ಮರಳು

ರಜೆಗೆ ಹೋಗಲಾಗದವರಿಗೆ ಕಡಲತೀರವನ್ನೇ ನಗರಕ್ಕೆ ತರುವ ಪ್ರಯತ್ನ 2002ರಲ್ಲಿ ಆರಂಭವಾಯಿತು. ಮೇಯರ್ ಬರ್ತ್ರಾಂ ದೆಲಾನೊಯೆ ಅವರು ಸೇನ್ ಬಲದಂಡೆಯ ವಾಹನ ಹೆದ್ದಾರಿಯನ್ನು ಕೆಲವು ವಾರ ಮುಚ್ಚಿಸಿ, ಮರಳು ಹರಡಿ, ತಾಳೆಮರದ ಕುಂಡಗಳನ್ನೂ ಒರಗುಕುರ್ಚಿಗಳನ್ನೂ ಇರಿಸಿದರು. ಇದೇ 'ಪ್ಯಾರಿಸ್ ಪ್ಲಾಜ್', ಅಂದರೆ ಪ್ಯಾರಿಸ್ ಕಡಲತೀರ. ಮೊದಲು ನಕ್ಕವರೂ ಇದ್ದರು. ಆದರೆ ಇದು ಜನಪ್ರಿಯವಾಗಿ ಅನ್ಯ ನಗರಗಳೂ ಅನುಕರಿಸಿದವು. 2007ರಲ್ಲಿ ಈಶಾನ್ಯ ಭಾಗದ ಲಾ ವಿಲೆತ್ ಜಲಾಶಯಕ್ಕೂ ವಿಸ್ತರಿಸಿತು. 1967ರಲ್ಲಿ ಕಾರುಗಳಿಗೆಂದು ತೆರೆದಿದ್ದ ಆ ಹೆದ್ದಾರಿಯ ಮಧ್ಯಭಾಗವು 2016ರಿಂದ ವರ್ಷವಿಡೀ ಪಾದಚಾರಿಗಳು ಮತ್ತು ಸೈಕಲ್ ಸವಾರರ ಪಾಲಾಗಿದೆ.

ಸೇನ್ ನದಿಯಲ್ಲಿ ಈಜು

ಕಡಲತೀರ ಬಂದರೂ ನೀರಿಗೆ ಇಳಿಯುವಂತಿರಲಿಲ್ಲ. 1923ರಲ್ಲಿ ಸೇನ್ ನದಿಯಲ್ಲಿ ಈಜುವುದನ್ನು ನಿಷೇಧಿಸಲಾಗಿತ್ತು. ನದಿಯ ಮೇಲೆ ತೇಲುತ್ತಿದ್ದ ಪ್ರಸಿದ್ಧ ದೆಲಿನಿ ಈಜುಕೊಳವೂ 1993ರ ಜುಲೈನಲ್ಲಿ ಮುಳುಗಿಹೋಯಿತು. ಮೇಯರ್ ಆಗಿದ್ದ ಶಿರಾಕ್, ಮೂರು ವರ್ಷಗಳಲ್ಲಿ ಸಾಕ್ಷಿಗಳ ಎದುರು ತಾವೇ ನದಿಯಲ್ಲಿ ಈಜುವುದಾಗಿ 1990ರಲ್ಲಿ ಘೋಷಿಸಿದ್ದರು. ಆ ಮಾತು ನೆರವೇರಲಿಲ್ಲ.

ತೊಡಕು ಇದ್ದುದು ನೆಲದಡಿಯಲ್ಲಿ. ನಗರದ ಹಳೆಯ ಒಳಚರಂಡಿಯಲ್ಲಿ ಮಳೆನೀರು ಮತ್ತು ಮನೆಗಳ ಕೊಳಚೆ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಜೋರು ಮಳೆ ಬಂದಾಗ ಕೊಳವೆ ತುಂಬಿ, ಹೆಚ್ಚುವರಿ ನೀರನ್ನು ಕೊಳಚೆಸಮೇತ ನದಿಗೆ ಬಿಡಬೇಕಾಗುತ್ತದೆ. 2024ರ ಒಲಿಂಪಿಕ್ಸ್ ನಿಮಿತ್ತ ಸುಮಾರು 140 ಕೋಟಿ ಯೂರೊ ವೆಚ್ಚದಲ್ಲಿ ಶುದ್ಧೀಕರಣ ಕಾರ್ಯ ನಡೆಯಿತು. ಮಳೆ ನಿಲ್ಲುವವರೆಗೆ ನೀರನ್ನು ಹಿಡಿದಿಡಲು ಔಸ್ಟರ್‌ಲಿಟ್ಸ್ ರೈಲು ನಿಲ್ದಾಣದ ಬಳಿ 50,000 ಘನ ಮೀಟರ್ ಸಾಮರ್ಥ್ಯದ ನೆಲಮಾಳಿಗೆ ತೊಟ್ಟಿಯನ್ನು ಕಟ್ಟಲಾಯಿತು. ಜುಲೈ 17ರಂದು ಮೇಯರ್ ಆನ್ ಇದಾಲ್ಗೊ ಸ್ವತಃ ನದಿಯಲ್ಲಿ ಈಜಿದರು. ಆದರೂ ಉದ್ಘಾಟನೆಯ ದಿನ ಸುರಿದ ಮಳೆಯಿಂದ ನೀರು ಕೆಟ್ಟು, ಪುರುಷರ ಟ್ರಯಥ್ಲಾನ್ ಸ್ಪರ್ಧೆಯನ್ನು ಒಂದು ದಿನ ಮುಂದೂಡಬೇಕಾಯಿತು.

2025ರ ಜುಲೈ 5ರಂದು, ನಿಷೇಧದ ನೂರೆರಡು ವರ್ಷಗಳ ಬಳಿಕ, ಸೇಂಟ್ ಲೂಯಿ ದ್ವೀಪದ ಎದುರಿನ ಮಾರೀ ಕವಲು, ಬೆರ್ಸಿ ಮತ್ತು ಗ್ರೆನೆಲ್ ಎಂಬ ಮೂರು ಸ್ಥಳಗಳಲ್ಲಿ ಸಾರ್ವಜನಿಕರಿಗೆ ಈಜಲು ಅವಕಾಶವಾಯಿತು. ಪ್ರವೇಶ ಉಚಿತ. ಜೀವರಕ್ಷಕರು ಇರುತ್ತಾರೆ, ಈಜುಗಾರರು ಹಳದಿ ತೇಲುಚೀಲವನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಕು. ನೀರನ್ನು ಪ್ರತಿದಿನ ಪರೀಕ್ಷಿಸಿ ಬಾವುಟದ ಬಣ್ಣದಿಂದ ಸೂಚನೆ ನೀಡುತ್ತಾರೆ. ಹಸಿರು ಬಾವುಟವಿದ್ದರೆ ಇಳಿಯಬಹುದು, ಕೆಂಪಿದ್ದರೆ ಇಲ್ಲ. ಉದ್ಘಾಟನೆಯ ಮರುದಿನವೇ ಮಳೆ ಬಂದು ಈಜು ಸ್ಥಗಿತಗೊಂಡಿತು. ನೀರು ತಿಳಿಯಾದ ಮೇಲೆ ಮತ್ತೆ ತೆರೆಯಲಾಯಿತು.