ಫುಟ್ಬಾಲ್ ಅಕಾಡೆಮಿ: ಶುಲ್ಕ ಯಾರದ್ದು, ಲಾಭ ಯಾರದ್ದು?

ಕೊಯಮತ್ತೂರಿನ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿ ತವರಿನ ಪಂದ್ಯಗಳನ್ನಾಡಿದ ಚೆನ್ನೈ ಸಿಟಿ ಎಫ್‌ಸಿ 2018-19ರ ಐ-ಲೀಗ್ ಗೆದ್ದಿತ್ತು. ಮಗನೂ ಹೀಗೆ ಆಡಲಿ ಎಂದು ಖಾಸಗಿ ಅಕಾಡೆಮಿಗೆ ಸೇರಿಸಿದರೆ ತಿಂಗಳ ಶುಲ್ಕ, ಬೂಟು, ಟೂರ್ನಿಯ ಪ್ರಯಾಣ ಎಲ್ಲವೂ ಪೋಷಕರ ತಲೆಗೇ. ಊರೂರಿಗೆ ಬನಿಯನ್, ಟೀಶರ್ಟ್ ಹೊಲಿದು ಕಳಿಸುವ ತಿರುಪ್ಪೂರಿನ ಕಾರ್ಮಿಕರ ಮಕ್ಕಳು ಎಷ್ಟೇ ಚೆನ್ನಾಗಿ ಆಡಿದರೂ ಗೇಟಿನ ಹೊರಗೇ ಬಾಕಿ.

ಇನ್ನೊಂದು ಲೆಕ್ಕ ಹೆಚ್ಚಿನವರಿಗೆ ಗೊತ್ತಿಲ್ಲ. ಒಪ್ಪಂದದಲ್ಲಿರುವ ಆಟಗಾರ ಹಣಕ್ಕೆ ವಿದೇಶಿ ಕ್ಲಬ್‌ಗೆ ಹೋದರೆ, ಫಿಫಾ ನಿಯಮದಂತೆ ಆ ಮೊತ್ತದ ಶೇ. 5ರಷ್ಟು ಅವನನ್ನು 12ರಿಂದ 23ರ ವಯಸ್ಸಿನಲ್ಲಿ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. ವರ್ಷಗಟ್ಟಲೆ ಶುಲ್ಕ ಕಟ್ಟಿದ ತಂದೆಗೆ ಅದರಲ್ಲಿ ಚಿಕ್ಕಾಸೂ ಇಲ್ಲ!

ಹಾಗಾಗಿ ಹಣ ಕಟ್ಟುವ ಮೊದಲೇ ಕೇಳಬೇಕು: ಅಖಿಲ ಭಾರತ ಫುಟ್ಬಾಲ್ ಫೆಡರೇಶನ್‌ನ ಮಾನ್ಯತೆ ಇದೆಯೇ? ಮಗುವಿನ ನೋಂದಣಿ ಯಾವ ಕ್ಲಬ್‌ನ ಹೆಸರಿನಲ್ಲಿ? ಬಡ ಮಕ್ಕಳಿಗೆ ಉಚಿತ ಸೀಟು ಎಷ್ಟು? ತಂಡಕ್ಕೆ ಆಯ್ಕೆ ಮಾಡಲಿಕ್ಕೇ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ.