ಗಿಣಿ ಪಂಜರಕ್ಕೆ ಬಣ್ಣ ಹೊಡೆಯೋ ಮುಂಚೆ

ಬೇಲೂರಿಗೆ ಹೋದವರು ಶುಕಭಾಷಿಣಿಯನ್ನ ನೋಡಿರ್ತೀರಿ. ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ಗುಡಿಯ ಮದನಿಕೆ ಅವಳು. ಗಿಣಿ ಜೊತೆ ಮಾತಾಡ್ತಾ ನಿಂತಿದ್ದಾಳೆ. ಗಿಣಿ ಮೇಲಿನ ನಮ್ಮ ಪ್ರೀತಿ ಅಷ್ಟು ಹಳೇದು. ಆದ್ರೆ ಕೆಲಗೇರಿಯ ನಮ್ಮ ಮನೆ ಅಟ್ಟದಲ್ಲಿರೋ ತಂತಿ ಪಂಜರ ಅಷ್ಟು ಹಳೇದಲ್ಲ, ಅದು ಕಾರ್ಖಾನೆ ಕಾಲದ ಕೂಸು.

ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ. ಧಾರವಾಡದಂಥ ಮಳೆಯೂರಲ್ಲಿ ಇನ್ನೂ ಬೇಗ. ಇದಕ್ಕೆ ಉಪಾಯವಾಗಿ ಫ್ರಾನ್ಸಿನ ಸ್ತಾನಿಸ್ಲಾ ಸೊರೆಲ್ 1837ರಲ್ಲಿ ಕಬ್ಬಿಣವನ್ನ ಕರಗಿದ ಸತುವಿನಲ್ಲಿ ಅದ್ದೋ ವಿಧಾನಕ್ಕೆ ಪೇಟೆಂಟ್ ಪಡೆದ. ನಾವು ಅಂಗಡೀಲಿ ಕೇಳೋ 'ಜಿಐ ತಂತಿ' ಇದರ ಸಂತತಿ. ಹತ್ತಿರಹತ್ತಿರ ಅದೇ ಹೊತ್ತಿಗೆ, 1840ರಲ್ಲಿ, ಜಾನ್ ಗೌಲ್ಡ್ ಆಸ್ಟ್ರೇಲಿಯಾದಿಂದ ಬಡ್ಜೀಗಳನ್ನ ಜೀವಂತವಾಗಿ ಇಂಗ್ಲೆಂಡಿಗೆ ತಂದ. ಅಗ್ಗದ ತಂತಿ, ಪುಟ್ಟ ಹಕ್ಕಿ. ಪಂಜರ ನಡುಮನೆಗೆ ಬರೋಕೆ ಇನ್ನೇನು ಬೇಕು?

ನಮ್ಮ ಪಂಜರಕ್ಕೆ ಮೇಲೆ ಹಸಿರು ಬಣ್ಣ, ಅದರಡಿ ನೀಲಿ, ಅದರಡಿ ಕೆಂಪು. ಈಗ ಅಕ್ಕನ ಮಗನಿಗೆ ಬಡ್ಜೀ ಬೇಕಂತೆ. ಅವ್ವನ ತೀರ್ಪು ಸರಳ: "ಒಂದು ಕೈ ಬಣ್ಣ ಹೊಡದ್ರ ಹೊಸಾದ ಆಗ್ತೈತಿ, ಸುಮ್ನ ರೊಕ್ಕ ಯಾಕ ಹಾಳ ಮಾಡ್ತಿ?"

ನಾನು ಬೇಡ ಅಂದೆ. ಕಾರಣ ಆ ಪದರಗಳಲ್ಲೇ ಇದೆ.

ಹಳೇ ಬಣ್ಣಗಳಲ್ಲಿ ಸೀಸ ಮಾಮೂಲಿ ವಸ್ತು. ಬೇಗ ಒಣಗ್ಲಿ, ಹೊಳೀಲಿ, ತುಕ್ಕು ತಡೀಲಿ ಅಂತ ಬೆರೆಸ್ತಿದ್ರು. ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚಿನ ಡಬ್ಬಿಯಲ್ಲಿ ಎಷ್ಟಿತ್ತು ಅಂತ ಯಾರು ಹೇಳ್ಬೇಕು?

ಗಿಣಿ ಜಾತಿಯ ಹಕ್ಕಿಗೆ ಕೊಕ್ಕೇ ಮೂರನೇ ಕಾಲು. ಹತ್ತೋದಕ್ಕೂ ಅದೇ, ಕಡಿಯೋದಕ್ಕೂ ಅದೇ. ಕಿತ್ತುಬಂದ ಬಣ್ಣದ ಚೂರು ಹೊಟ್ಟೆಗೆ ಹೋಗಿ ಅಲ್ಲೇ ಉಳಿದು ನಿಧಾನಕ್ಕೆ ವಿಷ ಬಿಡುತ್ತೆ. ಬಣ್ಣ ಕೆರೆದು ಬಿಟ್ರೆ? ಕೆಳಗೆ ಸತು ಇದ್ರೆ ಅದೂ ವಿಷವೇ. ಹಕ್ಕಿ ಸಾಕೋರು ಇದಕ್ಕೆ 'ಹೊಸ ತಂತಿ ಕಾಯಿಲೆ' ಅಂತಲೇ ಹೆಸರಿಟ್ಟಿದ್ದಾರೆ. ವಿನೆಗರ್ ಹಾಕಿ ತಿಕ್ಕಿದ್ರೆ ಸಡಿಲವಾದ ಸತು ಹೋಗುತ್ತೆ, ಪೂರ್ತಿ ಹೋಗಲ್ಲ. ಮೇಲಾಗಿ ಪಾಲಿಶ್ ಪೇಪರ್ ಹಿಡಿದು ಒಣದಾಗಿ ಉಜ್ಜಿದ್ರೆ ಏಳೋ ಸೀಸದ ಧೂಳು ಹುಡುಗನ ಮೂಗಿಗೇ.

ಹಾಗಂತ ಹಳೇ ಪಂಜರ ಬಿಸಾಡಬೇಕಿಲ್ಲ. ಅದನ್ನ ಉಜ್ಜದೆ, ಮಕ್ಕಳ ಕೈಗೆ ಸಿಗದ ಹಾಗೆ ಅಟ್ಟದಲ್ಲೇ ಇಟ್ಟಿದ್ದೀವಿ. ಹಕ್ಕಿಗೆ ಮಾತ್ರ ಬಣ್ಣವಿಲ್ಲದ ಸ್ಟೇನ್‌ಲೆಸ್ ಸ್ಟೀಲ್ ಪಂಜರ. ರೊಕ್ಕ ಜಾಸ್ತಿ, ನಿಜ. ಆದ್ರೆ ಕೆರೆಯೋ ಕೆಲಸ ಇಲ್ಲ, ಉದುರೋ ಪದರ ಇಲ್ಲ. ಹಕ್ಕಿ ರೆಕ್ಕೆ ಪೂರ್ತಿ ಬಿಚ್ಚೋವಷ್ಟು ಅಗಲ ಇರ್ಬೇಕು, ತಲೆ ಸಿಕ್ಕಿಹಾಕಿಕೊಳ್ಳದಷ್ಟು ಸಂದು ಕಿರಿದಾಗಿರ್ಬೇಕು.

ಇನ್ನೊಂದು ಮಾತು. ಆ ಹಳೇ ಪಂಜರ ಮಾಡಿದ್ದು ನಮ್ಮ ಹಸಿರು ಗಿಣಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಆಮೇಲಿನ ತಿದ್ದುಪಡಿಗಳ ಪ್ರಕಾರ ಅದನ್ನ ಹಿಡಿಯೋದು, ಮಾರೋದು, ಮನೇಲಿ ಸಾಕೋದು ಅಪರಾಧ. ಹುಡುಗ "ಮತ್ತ ನಮ್ಮ ಗಿಣಿ ಎಲ್ಲಿ ನೋಡೋದು, ಮಾಮಾ?" ಅಂದ. ಕೆಲಗೇರಿ ಕೆರೆ ಕಡೆ ಕರ್ಕೊಂಡು ಹೋದೆ. ಅಲ್ಲಿ ಮರ ಇದಾವೆ, ಕಿವಿ ಕೊಟ್ರೆ ಸಾಕು.