ನಕಲಿಗೆ ಎರಡನೇ ಬಾಳು ಇಲ್ಲ: ಕೊಲ್ಹಾಪುರಿ ಚಪ್ಪಲಿ ಮತ್ತು ಮರುಮಾರಾಟದ ದಾರಿ

ಕೊಲ್ಹಾಪುರಿ ಚಪ್ಪಲಿಯ ಹೆಸರು ಮಹಾರಾಷ್ಟ್ರದ ಊರಿನದು. ಅದನ್ನು ಹೊಲಿಯುವ ಕೈಗಳು ಗಡಿಯ ಎರಡೂ ಕಡೆ ಇವೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಾಗ ಎಂಟು ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು. ಆ ಕಡೆ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ. ಈ ಕಡೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಕುಶಲಕರ್ಮಿಯೂ ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಂಡು, ನಿಯಮದಂತೆ ಹೊಲಿದರೆ ಈ ಹೆಸರಿನ ಹಕ್ಕುದಾರ. ಆದರೂ ಸಂತೆ, ಜಾತ್ರೆ, ಆನ್‌ಲೈನ್ ಅಂಗಡಿಗಳಲ್ಲಿ ಅದೇ ಹೆಸರಿನ ರೆಕ್ಸಿನ್ ಚಪ್ಪಲಿ ಅಗ್ಗಕ್ಕೆ ಬಿಕರಿಯಾಗುತ್ತಿದೆ. ಕಾನೂನು ಹೆಸರನ್ನು ಕಾಯುತ್ತದೆ, ಗಿರಾಕಿಯನ್ನು ತಂದುಕೊಡುವುದಿಲ್ಲ. ಆ ಕೆಲಸಕ್ಕೆ ಹಳೆಯ ಜೋಡಿಗಳ ಮರುಮಾರಾಟ ನೆರವಾಗಬಲ್ಲದು ಎಂಬುದಕ್ಕೆ ಜಗತ್ತಿನ ಪಾದರಕ್ಷೆ ಉದ್ಯಮದಲ್ಲಿ ಈಗ ಸಾಕಷ್ಟು ಅನುಭವ ಕೂಡಿಬಂದಿದೆ.

ಕಾಯಕದಿಂದ ನಿಗಮದವರೆಗೆ

ಹುನಗುಂದ ತಾಲೂಕಿನ ಕೂಡಲಸಂಗಮ ಬಸವಣ್ಣನವರ ಐಕ್ಯಸ್ಥಳ. ಶರಣ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಮೆಟ್ಟು ಹೊಲಿದ ಕಥೆ ಈ ಸೀಮೆಯ ಮನೆಮನೆಗೂ ಗೊತ್ತು. ಚಪ್ಪಲಿ ಹೊಲಿಯುವುದನ್ನು ಕಾಯಕವೆಂದು ಕೊಂಡಾಡಿದ ನಾಡೇ, ಹೊಲಿದವರನ್ನು ಶತಮಾನಗಳ ಕಾಲ ಊರ ಹೊರಗೆ ಇಟ್ಟಿತು. ಈ ಕಸುಬಿಗೆ ನ್ಯಾಯವಾದ ಬೆಲೆ ಕೊಡಿಸುವ ಮಾತು ಬಂದಾಗಲೆಲ್ಲ ಆ ಬಾಕಿಯೂ ನೆನಪಿರಬೇಕು.

ಸರ್ಕಾರದ ಕಡೆಯಿಂದ ಚರ್ಮ ಕುಶಲಕರ್ಮಿಗಳಿಗೆಂದು ಲಿಡ್ಕರ್ ನಿಗಮ ಹುಟ್ಟಿದ್ದು 1976ರಲ್ಲಿ. ಹೊಸ ಶತಮಾನದ ಹೊಸ್ತಿಲಲ್ಲಿ ಅಥಣಿಯ ‘ಟೋಹೋಲ್ಡ್’ ಸಂಸ್ಥೆ ಮಹಿಳೆಯರ ಸ್ವಸಹಾಯ ಗುಂಪುಗಳನ್ನು ಕಟ್ಟಿ, ದಲ್ಲಾಳಿಗಳನ್ನು ದಾಟಿ ನೇರ ರಫ್ತಿನ ದಾರಿ ತೋರಿಸಿತು. ಅಟ್ಟೆ ಕೊಯ್ದು ಹೊಲಿಯುವುದು ಹೆಚ್ಚಾಗಿ ಗಂಡಸರ ಕೆಲಸ. ಪಟ್ಟಿ ಹೆಣೆದು ಅಲಂಕರಿಸುವುದು ಹೆಂಗಸರದು. ಆ ಎರಡನೆಯ ದುಡಿಮೆಗೆ ಲೆಕ್ಕದ ಪುಸ್ತಕದಲ್ಲಿ ಜಾಗ ಸಿಕ್ಕಿದ್ದು ಇಂಥ ಪ್ರಯತ್ನಗಳಿಂದ. ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಎರಡೂ ಸೇರಿ ಪಡೆದ 2019ರ ಮಾನ್ಯತೆ ಇದರ ಮುಂದಿನ ಮೆಟ್ಟಿಲು.

2025ರ ಜೂನ್‌ನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಇದೇ ಉಂಗುಷ್ಠದ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ರೂಪದರ್ಶಿಗಳಿಗೆ ತೊಡಿಸಿತು. ಪ್ರತಿಭಟನೆ ಎದ್ದ ಮೇಲೆ ಭಾರತದ ಸ್ಫೂರ್ತಿಯನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಎರಡೂ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡು, ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲಿ 2,000 ಜೋಡಿ ತಯಾರಿಸಿ ಜೋಡಿಗೆ ಸುಮಾರು 800 ಯೂರೋದಂತೆ ಮಾರುವ ಯೋಜನೆ ಪ್ರಕಟಿಸಿತು. ಮಾರುಕಟ್ಟೆಯಲ್ಲಿ ಮೂಲಕ್ಕೆ ಎಂಥ ಬೆಲೆಯಿದೆ ಎಂದು ನಮ್ಮವರಿಗೇ ಮನವರಿಕೆ ಮಾಡಿಕೊಟ್ಟ ಪ್ರಕರಣ ಇದು.

ಅಸಲಿಯ ಗುರುತು ಎಲ್ಲಿದೆ?

ಅಸಲಿ ಚಪ್ಪಲಿಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಯ ರಸದಲ್ಲಿ ಹದ ಮಾಡುತ್ತಾರೆ. ಇಡೀ ತೊಗಲನ್ನು ಚೀಲದಂತೆ ಹೊಲಿದು ತೂಗುಹಾಕಿ, ಒಳಗೆ ಆ ರಸ ತುಂಬಿ, ನಿಧಾನಕ್ಕೆ ಇಂಗಲು ಬಿಡುವುದು ಹಳೆಯ ಪದ್ಧತಿ. ಅಟ್ಟೆಯ ಪದರಗಳನ್ನು ಬಿಗಿಯುವುದು ತೊಗಲಿನದೇ ದಾರದಿಂದ, ಮೊಳೆಯಿಲ್ಲ. ಅಂಚನ್ನು ನೋಡಿದರೆ ಪದರಗಳು ಕಾಣುತ್ತವೆ, ತಿರುವಿ ಹಾಕಿದರೆ ಹೊಲಿಗೆ ಕಾಣುತ್ತದೆ. ನಕಲಿಯಲ್ಲಿ ಅಂಟು, ಅಚ್ಚಿನ ರಬ್ಬರು, ಮೇಲೊಂದು ರೆಕ್ಸಿನ್ ಹೊದಿಕೆ. ಅಂಗಡಿಯ ಕಪಾಟಿನಲ್ಲಿ ಎರಡೂ ಒಂದೇ ಥರ ಕಾಣಬಹುದು. ವರ್ಷ ಕಳೆದ ಮೇಲೆ ಅಸಲಿ ಪಾದಕ್ಕೆ ಒಗ್ಗಿರುತ್ತದೆ, ನಕಲಿಯ ಅಂಟು ಬಿಟ್ಟಿರುತ್ತದೆ. ಹೊಲಿಗೆ ಬಿಚ್ಚಿ ಅಟ್ಟೆ ಬದಲಿಸಬಹುದು. ಅಚ್ಚಿನ ರಬ್ಬರನ್ನು ಎಸೆಯಲೇಬೇಕು. ಅಸಲಿಯ ಶಕ್ತಿ ಇರುವುದು ಈ ಬಾಳಿಕೆಯಲ್ಲಿ. ಮರುಮಾರಾಟ ಆ ಬಾಳಿಕೆಗೆ ಬೆಲೆಪಟ್ಟಿ ಕಟ್ಟುತ್ತದೆ.

ಹೊರಗಿನ ಪಾಠ

ನಕಲಿಯ ಸಮಸ್ಯೆ ಜಾಗತಿಕ. 2019ರಲ್ಲಿ ಖೋಟಾ ಸರಕಿನ ಅಂತರರಾಷ್ಟ್ರೀಯ ವ್ಯಾಪಾರ 464 ಶತಕೋಟಿ ಡಾಲರ್ ಮುಟ್ಟಿತ್ತೆಂದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) ಅಂದಾಜಿಸಿದೆ. ಗಡಿಗಳಲ್ಲಿ ಹೆಚ್ಚು ಸಿಕ್ಕಿಬೀಳುವ ಸರಕುಗಳಲ್ಲಿ ಪಾದರಕ್ಷೆ ಮುಂಚೂಣಿಯಲ್ಲಿದೆ. ಇದೇ ಹೊತ್ತಿಗೆ ಪರಿಸರಸ್ನೇಹಿ ಬ್ರಾಂಡುಗಳು ತಮ್ಮದೇ ಹಳೆಯ ಜೋಡಿಗಳನ್ನು ವಾಪಸ್ ಪಡೆದು, ರಿಪೇರಿ ಮಾಡಿ ಮಾರಲು ತೊಡಗಿದವು. ಬ್ರಿಟನ್ನಿನ ವಿವೋಬೇರ್‌ಫುಟ್ 2020ರಲ್ಲಿ ‘ರಿವೈವೋ’ ಆರಂಭಿಸಿತು. ಅಮೆರಿಕದ ಆಲ್‌ಬರ್ಡ್ಸ್ 2022ರಲ್ಲಿ ‘ರಿರನ್’ ತಂದಿತು.

ಮರುಮಾರಾಟವನ್ನು ಯಾರು ನಡೆಸುತ್ತಾರೆ ಎಂಬುದು ಇಲ್ಲಿ ನಿರ್ಣಾಯಕ. ಸ್ಟಾಕ್‌ಎಕ್ಸ್ ಎಂಬ ಅಮೆರಿಕದ ವೇದಿಕೆ ಶೂಗಳ ಅಸಲಿತನ ಪರೀಕ್ಷಿಸಿಯೇ ಮಾರುವುದಾಗಿ ಹೆಸರು ಮಾಡಿತ್ತು. ಅಲ್ಲಿ ನಕಲಿ ಜೋಡಿಗಳು ಸಿಕ್ಕವೆಂದು ನೈಕಿ 2022ರಲ್ಲಿ ತಕರಾರು ತೆಗೆಯಿತು; 2025ರಲ್ಲಿ ನ್ಯಾಯಾಲಯ 37 ನಕಲಿ ಜೋಡಿಗಳ ಮಾರಾಟಕ್ಕೆ ಸ್ಟಾಕ್‌ಎಕ್ಸನ್ನೇ ಹೊಣೆ ಮಾಡಿತು. ಮೂರನೆಯವರ ಕೈಯಲ್ಲಿ ಮರುಮಾರಾಟವೇ ನಕಲಿಯ ಹಿತ್ತಲ ಬಾಗಿಲಾಗಬಹುದು. ತಯಾರಿಸಿದವರೇ ನಡೆಸಿದರೆ ವಾಪಸ್ ಬಂದ ಪ್ರತಿ ಜೋಡಿಯನ್ನೂ ಬಲ್ಲ ಕಣ್ಣು ನೋಡುತ್ತದೆ. ಜೊತೆಗೆ, ಅಗ್ಗದ ಬೆಲೆಗಾಗಿ ನಕಲಿಯತ್ತ ಹೊರಟ ಗಿರಾಕಿಗೆ ಅಸಲಿಯೇ ಕೈಗೆಟುಕುತ್ತದೆ.

ನಮ್ಮ ನೆಲದಲ್ಲಿ

ಇಲ್ಲಿ ತೊಡಕುಗಳೂ ಇವೆ. ಇನ್ನೊಬ್ಬರು ಮೆಟ್ಟಿದ್ದನ್ನು ಮೆಟ್ಟಬಾರದೆಂಬ ನಂಬಿಕೆ ಗಟ್ಟಿಯಾಗಿದೆ. ಒಬ್ಬರ ಪಾದಕ್ಕೆ ಒಗ್ಗಿದ ತೊಗಲು ಮತ್ತೊಬ್ಬರಿಗೆ ಹೊಂದುವುದೂ ಕಷ್ಟ. ಆದ್ದರಿಂದ ಹೊರಗಿನ ಮಾದರಿಯನ್ನು ಇದ್ದಂತೆಯೇ ತಂದರೆ ನಡೆಯದು. ನಮಗೆ ಹೊಂದುವುದು ಅದಲು-ಬದಲಿನ ಪದ್ಧತಿ: ಹಳೆಯ ಜೋಡಿ ಕೊಟ್ಟವರಿಗೆ ಹೊಸದರಲ್ಲಿ ರಿಯಾಯಿತಿ, ವಾಪಸ್ ಬಂದದ್ದಕ್ಕೆ ಹೊಸ ಪಟ್ಟಿ, ಹೊಸ ಮೇಲ್ಪದರ, ಮತ್ತೆ ಮುದ್ರೆ. ಕಡಿಮೆ ಸವೆದದ್ದು ಮಾರಾಟಕ್ಕೆ, ಉಳಿದದ್ದು ಬಿಡಿಭಾಗಕ್ಕೆ.

ಹಳೆಯದಕ್ಕೆ ಮರುಬಾಳು ಕೊಡುವುದು ಈ ಸೀಮೆಗೆ ಹೊಸದೇನಲ್ಲ. ಉಟ್ಟು ಸವೆದ ಇಳಕಲ್ ಸೀರೆ ಕೌದಿಯಾಗಿ ಮತ್ತೊಂದು ತಲೆಮಾರನ್ನು ಬೆಚ್ಚಗಿಡುತ್ತದೆ. ವಿದ್ಯುತ್ ಮಗ್ಗದ ನಕಲಿಯ ಕಾಟ ಆ ಸೀರೆಗೂ ಇದೆ. ಆದರೆ ಮೈ ಮತ್ತು ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸಿದ ಜಾಗವನ್ನು ಬೆರಳಾಡಿಸಿ ಗುರುತಿಸುವ ಹೆಣ್ಣುಮಕ್ಕಳು ಇಲ್ಲಿದ್ದಾರೆ. ಚಪ್ಪಲಿಯ ಹೊಲಿಗೆಯನ್ನೂ ಹಾಗೆ ಓದಬಲ್ಲ ಗಿರಾಕಿ ಬೇಕು. ರಿಪೇರಿಯ ಕಟ್ಟೆಯೇ ಅವರಿಗೆ ಪಾಠಶಾಲೆ.

ಕಾನೂನೂ ಅಡ್ಡಿಯಾಗಿಲ್ಲ. 1999ರ ಭೌಗೋಳಿಕ ಸೂಚಿಕೆ ಕಾಯ್ದೆಯ 22ನೇ ಕಲಮಿನ ಪ್ರಕಾರ, ನ್ಯಾಯವಾಗಿ ಕೊಂಡ ಅಸಲಿ ಸರಕನ್ನು ಕೆಡಿಸದೆ ಮರಳಿ ಮಾರುವುದು ಉಲ್ಲಂಘನೆಯಾಗದು. ಚಪ್ಪಲಿಯ ಮೂಲ ತಿಳಿಸುವ ಕ್ಯೂಆರ್ ಸಂಕೇತವನ್ನು ಲಿಡ್‌ಕಾಮ್ 2025ರಲ್ಲಿ ಜಾರಿಗೆ ತಂದಿದೆ. ಅದೇ ಸಂಕೇತದಲ್ಲಿ ರಿಪೇರಿಯ ದಾಖಲೆಯೂ ಸೇರಿದರೆ ಪ್ರತಿ ಜೋಡಿಗೂ ಒಂದು ಚರಿತ್ರೆ ಸಿಗುತ್ತದೆ.

ಬಾದಾಮಿ ಗುಹೆಗಳು, ಪಟ್ಟದಕಲ್ಲು, ಕೂಡಲಸಂಗಮಕ್ಕೆ ವರ್ಷವಿಡೀ ಜನ ಬರುತ್ತಾರೆ. ಅಲ್ಲೊಂದು ಲಿಡ್ಕರ್ ಮಳಿಗೆಯಲ್ಲಿ ಮಾರಾಟ, ರಿಪೇರಿ, ಅದಲು-ಬದಲು ಮೂರೂ ಒಂದೇ ಸೂರಿನಡಿ ನಡೆಯಲಿ. ಎರಡನೇ ಮಾರಾಟದ ಹಣದಲ್ಲೂ ಮೊದಲು ಹೊಲಿದವರಿಗೆ ಪಾಲು ಸಲ್ಲಲಿ. ಒಂದು ಜೋಡಿಗೆ ಒಂದೇ ಸಲ ಕೂಲಿ ಕಾಣುವ ಕುಟುಂಬ ಎರಡು ಸಲ ಕಂಡರೆ, ಮಕ್ಕಳು ಈ ಕಸುಬನ್ನು ಬಿಟ್ಟು ಓಡಬೇಕಾದ ಕಾರಣಗಳಲ್ಲಿ ಒಂದಾದರೂ ಕಡಿಮೆಯಾದೀತು.